ಮುಗಿಯದ ಡಿಸ್ಕೋ ಪ್ಲೇಟು

ಮೈಕ್ ಸೆಟ್ ಬಾಡಿಗೆಗೆ ಕೊಡುವವನ ಹಣೆಬರಹವೇ ಇಷ್ಟು ನೋಡಿ. ಊರಲ್ಲಿ ಯಾರ ಮನೆಯಲ್ಲಿ ಏನು ನಡೆದರೂ ಅವನು ಅಲ್ಲಿರಬೇಕು, ಅಲ್ಲಿ ಏನು ಎಡವಟ್ಟಾದರೂ ಅದು ಅವನ ತಲೆಗೇ ಸುತ್ತಿಕೊಳ್ಳಬೇಕು. ನಾಮಕರಣದಲ್ಲಿ ಮಗು ಅತ್ತರೆ ಮೈಕಿನವನ ತಪ್ಪು. ಗೃಹಪ್ರವೇಶದಲ್ಲಿ ಹಸು ಹೊಸಿಲು ದಾಟದಿದ್ದರೆ ಅದೂ ಮೈಕಿನವನ ತಪ್ಪು.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಅಂಗಡಿ. ಒಂದು ಆಂಪ್ಲಿಫೈಯರ್, ಎರಡು ಹಾರ್ನು, ಪ್ಲೇಟು ತಿರುಗಿಸೋ ಪೆಟ್ಟಿಗೆ ಒಂದು, ಕರೆಂಟನ್ನು ನಂಬಿ ಕೆಟ್ಟವರನ್ನು ಕಂಡಿದ್ದರಿಂದ ಎಲ್ಲಕ್ಕೂ ಸೇರಿ ಒಂದು ಕಾರಿನ ಬ್ಯಾಟರಿ. ಪ್ಲೇಟು ಅಂದರೆ ಗ್ರಾಮಫೋನ್ ರೆಕಾರ್ಡು. ನಾವು ಯಾರೂ ರೆಕಾರ್ಡು ಅನ್ನುತ್ತಿರಲಿಲ್ಲ. ಆ ವೃತ್ತಿಯಲ್ಲಿ ನನಗಾದ ಫಜೀತಿಗಳಲ್ಲಿ ಮುಕ್ಕಾಲು ಪಾಲು ಒಂದೇ ಒಂದು ಪ್ಲೇಟಿನಿಂದ ಆದವು. ಮಿಕ್ಕಿದ್ದು ಬಿಡಿ, ಅವನ್ನಷ್ಟೇ ಹೇಳ್ತೀನಿ.

೧. ಕ್ಲಬ್ಬಿನಿಂದ ಬಂದ ನೆಂಟ

ನಮ್ಮ ಬೀದಿಯ ಗೆಳೆಯನೊಬ್ಬ ಬೆಂಗಳೂರಿನ ಒಂದು ಡ್ಯಾನ್ಸ್ ಕ್ಲಬ್ಬಿನಲ್ಲಿ ಬೇರರ್ ಆಗಿದ್ದ. ಅಲ್ಲಿ ಕತ್ತಲೆ ಕೋಣೆಯಲ್ಲಿ ಕನ್ನಡಿ ಚೂರು ಅಂಟಿಸಿದ ಗುಂಡು ತಿರುಗುತ್ತೆ, ಅದರ ಕೆಳಗೆ ಒಳ್ಳೇ ಮನೆತನದವರು ಬೆವರು ಸುರಿಸಿ ಕುಣೀತಾರೆ, ಕುಣಿಯೋಕೆ ದುಡ್ಡು ಬೇರೆ ಕೊಡ್ತಾರೆ ಅಂತ ಅವನು ಹೇಳಿದಾಗ ನಮ್ಮಲ್ಲಿ ಯಾರೂ ನಂಬಿರಲಿಲ್ಲ. ಒಂದು ಸಲ ಊರಿಗೆ ಬಂದಾಗ ಪಂಚೆಯಲ್ಲಿ ಸುತ್ತಿ ಒಂದು ದೊಡ್ಡ ಪ್ಲೇಟು ತಂದ. ನಡುವೆ ಬೆಳ್ಳಿ ಬಣ್ಣದ ಕಾಗದ. ಕ್ಲಬ್ಬಿನವರು ಎಸೆಯೋಕೆ ಇಟ್ಟಿದ್ದರಂತೆ, ಕೇಳಿ ಇಸಕೊಂಡು ಬಂದಿದ್ದ. ಯಾಕೆ ಎಸೀತಿದ್ರು ಅಂದರೆ ಅವನಿಗೂ ಗೊತ್ತಿಲ್ಲ.

ಮನೆಯಲ್ಲೇ ಹಾಕಿದೆ. ಅಬ್ಬಬ್ಬಾ. ಹಾಡುವವರಿಲ್ಲ, ತಬಲ ಇಲ್ಲ, ಪಿಟೀಲಿಲ್ಲ. ಎಲ್ಲಾ ಯಂತ್ರದ್ದೇ ಕೆಲಸ. ಕೆಳಗಿನಿಂದ ದುಬ್ ದುಬ್ ದುಬ್ ದುಬ್ ಅಂತ ಎದೆಗೆ ಗುದ್ದಿದ ಹಾಗೆ ತಾಳ, ಮೇಲೆ ಚಿಟಿಕೆ ಹೊಡೆದ ಹಾಗೆ ಏನೋ ಒಂದು, ಮಧ್ಯೆ ತಂತಿ ಜುಂಯ್ ಅನ್ನೋದು. ಕೇಳಿದ ಕೂಡಲೇ ನನ್ನ ಕಾಲು ನನ್ನ ಮಾತು ಕೇಳೋದು ಬಿಟ್ಟಿತು. ಬಾಗಿಲಲ್ಲಿ ರಾಗಿ ಕೇರುತ್ತಿದ್ದ ನಮ್ಮಮ್ಮನ ಮೊರ ಕೂಡ ಅದೇ ಲೆಕ್ಕಕ್ಕೆ ಏಳೋದು, ಬೀಳೋದು.

ಅವತ್ತು ಹುತ್ತೂರಿನಿಂದ ನಮ್ಮ ಸೋದರಮಾವನ ಮಗಳು ಬಂದಿದ್ದಳು. ಅವಳ ಮೇಲೆ ನನಗೆ ಚಿಕ್ಕಂದಿನಿಂದ ಪ್ರಾಣ. ನಮ್ಮ ಕಡೆ ಸೋದರಮಾವನ ಮಗಳು ಅಂದರೆ ಕೇಳೋ ಹಕ್ಕೂ ಇತ್ತು, ಕೇಳೋ ಧೈರ್ಯ ಮಾತ್ರ ಇರಲಿಲ್ಲ. ಅವಳು ಒಲೆ ಮುಂದೆ ಕೂತು ಕಿವಿಗೊಟ್ಟು ಕೇಳುತ್ತಿದ್ದಳು. ಬಹಳ ಹೊತ್ತಾಯಿತು. ರಾಗಿ ಕೇರಿ ಮುಗಿಯಿತು, ಸಾರು ಕುದ್ದು ಇಳಿಯಿತು, ಹಾಡು ಮಾತ್ರ ನಡೆದೇ ಇತ್ತು. ಕ್ಲಬ್ಬಿನ ಹಾಡು ಅಂದರೆ ಇಷ್ಟುದ್ದ ಇರುತ್ತೇನೋ ಅಂತ ನಾನೂ ಭಕ್ತಿಯಿಂದ ಕೂತಿದ್ದೆ. ಕೊನೆಗೆ ಅವಳು ಎದ್ದು ಬಂದು ಬಗ್ಗಿ ನೋಡಿ, "ಭಾವ, ಇದು ಗೀರು ಬಿದ್ದಿರೋ ಪ್ಲೇಟು. ಮುಳ್ಳು ಆಗಿನಿಂದ ಅಲ್ಲೇ ಸುತ್ತುತಾ ಐತೆ" ಅಂದಳು.

ಅದೇ ವಿಷಯ. ಬೇರೆ ಹಾಡಾಗಿದ್ದರೆ ಮುಳ್ಳು ಸಿಕ್ಕಿಕೊಂಡ ತಕ್ಷಣ ಒಂದೇ ಮಾತು ಬಡಬಡಿಸಿ ಗೊತ್ತಾಗುತ್ತಿತ್ತು. ಇದರಲ್ಲಿ ಮೊದಲಿಂದ ಕೊನೆವರೆಗೂ ಅದೇ ದುಬ್ ದುಬ್. ಸಿಕ್ಕಿಕೊಂಡರೂ ಅದೇ, ಸಿಕ್ಕಿಕೊಳ್ಳದಿದ್ದರೂ ಅದೇ. ಅವಳು ಮುಳ್ಳೆತ್ತಿದಳು. ನಮ್ಮಮ್ಮ ಮೊರ ಕೆಳಗಿಟ್ಟು, ಕೆಡವಿದ ರಾಗಿ ನೋಡಿಕೊಂಡು, ಇಷ್ಟು ಹೊತ್ತು ಖಾಲಿ ಮೊರ ಕೇರಿಸಿದ್ಯಲ್ಲೋ ಅಂತ ನನಗೇ ಬೈದರು.

೨. ಟವೆಲ್ಲಿನ ಕೆಳಗೆ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಲ್ಲಾಳಿ ಕೈ ಮೇಲೆ ಟವೆಲ್ ಹಾಕಿಕೊಂಡು ಬರುತ್ತಾನೆ. ವ್ಯಾಪಾರಿ ಅದರ ಕೆಳಗೆ ಕೈ ತೂರಿಸಿ ದಲ್ಲಾಳಿಯ ಬೆರಳು ಹಿಡಿದು ಬೆಲೆ ಹೇಳಬೇಕು. ಎಲ್ಲರದೂ ಕೇಳಿದ ಮೇಲೆ ದಲ್ಲಾಳಿ ಅದೇ ಟವೆಲ್ ಕೆಳಗೆ ತೋಟದವನ ಕೈ ಹಿಡಿದು ಬಂದ ಬೆಲೆ ತಿಳಿಸುತ್ತಾನೆ. ತೋಟದವನು ಕೈ ಹಿಂದಕ್ಕೆಳೆದರೆ ಸಾಲದು ಅಂತ, ಅದುಮಿದರೆ ಒಪ್ಪಿಗೆ ಅಂತ. ಅದುಮಿದ ಮೇಲೆ ಮುಗೀತು. ಟವೆಲ್ ಕೆಳಗಿನ ಮಾತಿಗೆ ಎರಡಿಲ್ಲ.

ನಮ್ಮ ಮಾವನಿಗೆ ಹಿಪ್ಪುನೇರಳೆ, ರೇಷ್ಮೆ ಹುಳದ ಜೊತೆಗೆ ಒಂದಿಷ್ಟು ಮಾವಿನ ಗಿಡವೂ ಇತ್ತು. ಕೈ ಹಿಂದಕ್ಕೆಳೆಯೋದರಲ್ಲಿ ಅವರು ಮಂಡಿಗೆಲ್ಲಾ ಹೆಸರುವಾಸಿ. ದಲ್ಲಾಳಿಗೆ ಸಾಕುಸಾಕಾಗಿ, ವ್ಯಾಪಾರಿಗಳು ಸೋತು, ಕೊನೆಗೆ ಅವರು ಕೇಳಿದಷ್ಟೇ ಕೊಟ್ಟು ಹೋಗುತ್ತಿದ್ದರು.

ಆ ವರ್ಷ ಮಂಡಿ ಶುರುವಿನ ಪೂಜೆಗೆ ಸಾಹುಕಾರರು ನನ್ನ ಸೆಟ್ ಕರೆಸಿದರು. ಪದ್ಧತಿಯಂತೆ ಮೊದಲು ಗಣಪತಿ ಪ್ಲೇಟು ಹಾಕಿದೆ. ಆಮೇಲೆ ಜನ ತೂಕಡಿಸೋದು ನೋಡಲಾರದೆ ಕ್ಲಬ್ಬಿನ ಪ್ಲೇಟು ಹಾಕಿದೆ. ನೋಡಬೇಕಿತ್ತು ನೀವು. ಹಮಾಲರು ಕುಕ್ಕೆ ಇಳಿಸುತ್ತಿದ್ದ ರೀತಿಯೇ ಬದಲಾಯಿತು. ತೂಕದವನು ತಕ್ಕಡಿಗೆ ತಲೆ ಆಡಿಸತೊಡಗಿದ. ಆ ಹೊತ್ತಿಗೆ ಸರಿಯಾಗಿ ದಲ್ಲಾಳಿ ಟವೆಲ್ ಹಾಕಿಕೊಂಡು ನಮ್ಮ ಮಾವನ ಕೈ ಹಿಡಿದ. ಮೊದಲ ಬೆಲೆ, ಎಲ್ಲಕ್ಕಿಂತ ಕಡಿಮೆಯದು. ಹೇಳಿದ್ದೇ ತಡ, ಮಾವನ ಕೈ ಒಪ್ಪಿಕೊಂಡುಬಿಟ್ಟಿತು. ಒಂದು ಸಲ ಅಲ್ಲ, ದುಬ್ ಅಂದಾಗೆಲ್ಲ ಒಪ್ಪಿಕೊಂಡಿತು. ಇಷ್ಟು ಖುಷಿಯಾಗಿ ಒಪ್ಪಿದ ರೈತನನ್ನು ದಲ್ಲಾಳಿ ಜನ್ಮದಲ್ಲೇ ಕಂಡಿರಲಿಲ್ಲ. ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೋದ.

ಮಾವನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಏಮಿರಾ ಇದಿ" ಅಂತ ಶುರುಮಾಡಿ, ನನ್ನ ಮುಂದೆ ಬಂದು ನಿಂತು, ಕನ್ನಡಕ್ಕೆ ಇಳಿದು, "ಒಪ್ಪಿದ್ದು ನನ್ನ ಕೈ ಅಲ್ಲ ಕಣೋ ಮೈಕ್ ಸೆಟ್ಟು, ನಿನ್ನ ಪ್ಲೇಟು" ಅಂದರು. ಅವರು ನನ್ನನ್ನು ಕರೆಯುತ್ತಿದ್ದುದೇ ಮೈಕ್ ಸೆಟ್ಟು ಅಂತ. ಅಳಿಯ ಅಂತ ಬಾಯಿತಪ್ಪಿಯೂ ಅಂದವರಲ್ಲ. ಅಕ್ಕ ಹೆಣ್ಣು ಕೇಳೋಕೆ ಬರ್ತಾಳೆ ಅಂತ ಗೊತ್ತು, ಆ ದರಿದ್ರದ ಪ್ಲೇಟು ಇರೋ ಮನೆಗೆ ನನ್ನ ಮಗಳನ್ನ ಕೊಡಲ್ಲ, ಅದರ ಸದ್ದು ಇನ್ನೊಂದು ಸಲ ನನ್ನ ಕಿವಿಗೆ ಬಿದ್ದರೆ ಬೇರೆ ಗಂಡು ನೋಡ್ತೀನಿ ಅಂತ ನಾಲ್ಕು ಜನರ ಮುಂದೆ ಹೇಳಿದರು.

ಆದರೂ ಒಂದು ಮಾತು ಹೇಳಲೇಬೇಕು. ಅಷ್ಟೆಲ್ಲಾ ಬೈಯುವಾಗಲೂ ಪ್ಲೇಟು ಓಡುತ್ತಲೇ ಇತ್ತು, ಮತ್ತು ಬೈಗುಳ ಒಂದೊಂದೂ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು.

೩. ಮಾಲೂರಿನ ಮಡಕೆ

ಕಿವಿಗೆ ಬೀಳಬಾರದು ತಾನೇ? ಹುತ್ತೂರಿನಲ್ಲಿರುವ ಮಾವನ ಕಿವಿ ಮಾಲೂರಿನವರೆಗೆ ಚಾಚುವುದಿಲ್ಲ ಅಂತ ಲೆಕ್ಕ ಹಾಕಿ ಅಲ್ಲೊಂದು ಬಾಡಿಗೆ ಒಪ್ಪಿಕೊಂಡೆ. ಹೆಂಚಿನ ಕಾರ್ಖಾನೆ ಮಾಲೀಕರ ಮಗ ಬೆಂಗಳೂರಿನ ಕ್ಲಬ್ಬು ಕಂಡು ಬಂದಿದ್ದ. ಅವನ ಹುಟ್ಟಿದ ಹಬ್ಬಕ್ಕೆ ಅಂಥದ್ದೇ ಕ್ಲಬ್ಬು ಕಾರ್ಖಾನೆಯ ಶೆಡ್ಡಿನಲ್ಲಿ ಆಗಬೇಕಿತ್ತು. ರಾತ್ರಿ ಅಪ್ಪ ಬಿಡೋದಿಲ್ಲ, ಹಾಗಾಗಿ ಕ್ಲಬ್ಬು ಮಟಮಟ ಮಧ್ಯಾಹ್ನ. ಕಿಟಕಿಗೆಲ್ಲಾ ಗೋಣಿಚೀಲ ಹೊಡೆದು ಕತ್ತಲೆ ಮಾಡಿದರು.

ಕನ್ನಡಿ ಗುಂಡಿಗೆ ಎಲ್ಲಿ ಹೋಗೋದು? ಕುಂಬಾರರ ಮನೆಯಿಂದ ಒಂದು ಮಡಕೆ ತಂದು, ಕ್ಷೌರದಂಗಡಿಯ ಒಡೆದ ಕನ್ನಡಿ ಚೂರುಗಳನ್ನು ಮೈದಾ ಅಂಟಿನಲ್ಲಿ ಅಂಟಿಸಿ, ತೊಲೆಗೆ ಹಗ್ಗ ಕಟ್ಟಿ ಇಳಿಬಿಟ್ಟು, ನಾಲ್ಕು ಕಡೆಯಿಂದ ಟಾರ್ಚು ಬಿಟ್ಟರು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇತ್ತು. ಗೋಡೆಯ ಮೇಲೆಲ್ಲ ಬೆಳಕಿನ ಚುಕ್ಕಿ ಓಡಾಡುತ್ತಿದ್ದವು. ಪ್ಲೇಟು ಹಾಕಿದೆ. ಹುಡುಗರು ಮಡಕೆ ಕೆಳಗೆ ಕೈ ಮೇಲೆತ್ತಿ ಎಗರಿ ಎಗರಿ ಕುಣಿದರು.

ಸದ್ದು ಕೇಳಿ ಕಾರ್ಖಾನೆಯ ಹಳೇ ಮೇಸ್ತ್ರಿ ಒಳಗೆ ಬಂದರು. ಒಂದು ಕ್ಷಣ ನಿಂತು ನೋಡಿದರು. ಮೇಲೆ ಅಲಂಕಾರ ಮಾಡಿದ ಮಡಕೆ ತೂಗಾಡುತ್ತಿದೆ. ಕೆಳಗೆ ಹುಡುಗರು ಕೈ ಚಾಚಿ ಎಗರುತ್ತಿದ್ದಾರೆ, ಒಬ್ಬನಿಗೂ ನಿಲುಕುತ್ತಿಲ್ಲ. ವಾದ್ಯ ಬೇರೆ ಬಾರಿಸುತ್ತಿದ್ದಾರೆ. ಗೋಕುಲಾಷ್ಟಮಿಗೆ ಮೊಸರು ಮಡಕೆ ಒಡೆದು ಹೆಸರು ಮಾಡಿದ್ದ ಜೀವ ಅದು, ತಡೆದುಕೊಳ್ಳಲಿಲ್ಲ. ಮೂಲೆಯಲ್ಲಿದ್ದ ಬಿದಿರು ಗಳ ತೆಗೆದುಕೊಂಡು, ಹುಡುಗರನ್ನು ಆಚೀಚೆ ಸರಿಸಿ, ಒಂದೇ ಏಟು. ಕನ್ನಡಿ, ಮಡಕೆ ಎಲ್ಲಾ ಝಲ್ಲೆಂದು ಉದುರಿತು.

ಇದು ಬೆಂಗಳೂರಿನ ಪದ್ಧತಿಯೇ ಇರಬೇಕು ಅಂತ ಹುಡುಗರು ಚಪ್ಪಾಳೆ ಹೊಡೆದರು. ಮಾಲೀಕರ ಮಗ ಅಳುವುದೊಂದು ಬಾಕಿ. ಮೇಸ್ತ್ರಿ ಮಾತ್ರ ಕುಕ್ಕರಗಾಲಲ್ಲಿ ಕೂತು ಚೂರುಗಳ ನಡುವೆ ಹುಡುಕೀ ಹುಡುಕೀ, ಮೊಸರೂ ಇಲ್ಲ, ಬಹುಮಾನವೂ ಇಲ್ಲ, ಈಗಿನ ಕಾಲದವರಿಗೆ ಬರೀ ಮಡಕೆ ನೇತು ಹಾಕೋಕೆ ನಾಚಿಕೆಯೂ ಆಗಲ್ವಾ ಅಂತ ನನ್ನನ್ನೇ ಕೇಳಿದರು.

೪. ಹಾಡು ಮುಗೀಲಿ

ನನ್ನ ಗ್ರಹಚಾರ ನೋಡಿ. ಮಾವ ಹುಳು ಸಾಕೋ ಮನೆಗೆ ಹೆಂಚು ಹೊದಿಸಲು ಅದೇ ಕಾರ್ಖಾನೆಯಿಂದ ಲಾರಿ ತರಿಸಿದ್ದರು. ಹೆಂಚಿನ ಜೊತೆ ಮಡಕೆ ಕಥೆಯೂ ಹುತ್ತೂರಿನಲ್ಲಿ ಇಳಿಯಿತು. ಪ್ಲೇಟು ಮನೆಯಿಂದ ಆಚೆ ಹೋಗಲೇಬೇಕು ಅಂತ ಹೇಳಿ ಕಳಿಸಿದರು. ಒಡೆಯೋಕೆ ನನಗೆ ಕೈ ಬರಲಿಲ್ಲ. ಮುಳಬಾಗಿಲಿನಲ್ಲಿ ಹೆದ್ದಾರಿ ಪಕ್ಕ ದೋಸೆ ಹೋಟೆಲ್ ಇಟ್ಟಿದ್ದ ಪರಿಚಯದವರಿಗೆ ಕೊಟ್ಟು ಬಂದೆ. ಅವರ ಹತ್ತಿರ ಪ್ಲೇಟು ಪೆಟ್ಟಿಗೆ ಇತ್ತು.

ಕೋಲಾರದಿಂದ ಆಂಧ್ರದ ಕಡೆಗೆ ಹೋಗುವ ಒಂದು ಬಸ್ಸು ಅಲ್ಲಿ ತಿಂಡಿಗೆ ನಿಲ್ಲುತ್ತಿತ್ತು. ಆ ಡ್ರೈವರಿಗೆ ಕೈಗಡಿಯಾರ ಕಟ್ಟುವ ಅಭ್ಯಾಸವಿಲ್ಲ. ಬಸ್ಸು ನಿಂತ ತಕ್ಷಣ ಹೋಟೆಲಿನವರು ಒಂದು ಹಾಡು ಹಾಕಬೇಕು, ಹಾಡು ಮುಗಿದ ಕೂಡಲೇ ಇವನು ಎದ್ದು ಬಾಯಿ ಮುಕ್ಕಳಿಸಿ ಬಸ್ಸು ತೆಗೆಯಬೇಕು. ವರ್ಷಗಟ್ಟಲೆ ಹೀಗೇ ನಡೆದು ಬಂದಿತ್ತು, ಒಂದು ದಿನವೂ ತಡವಾದದ್ದಿಲ್ಲ.

ಹೋಟೆಲಿನವರು ಅವತ್ತು ಹೊಸ ಪ್ಲೇಟು ಅಂತ ಆಸೆಪಟ್ಟು ನನ್ನದನ್ನು ಹಾಕಿದರು. ಮುಳ್ಳು ಗೀರಿನಲ್ಲಿ ಕೂತಿತು. ಡ್ರೈವರೂ ಕೂತ. ಕಾಯುವವರು ಸುಮ್ಮನೆ ಕಾಯುತ್ತಾರೆಯೇ? ಇನ್ನೊಂದು ದೋಸೆ, ಇನ್ನೊಂದು ಕಾಫಿ ಅಂತ ಹೇಳುತ್ತಾ ಹೋದರು. ಕಾವಲಿ ಮುಂದೆ ನಿಂತಿದ್ದ ಭಟ್ಟರು ತಾಳಕ್ಕೆ ಸರಿಯಾಗಿ ದೋಸೆ ಎತ್ತಿ ಹಾಕುತ್ತಿದ್ದರು. ಹೋಟೆಲಿನವರಿಗೆ ಮುಳ್ಳು ಸಿಕ್ಕಿಕೊಂಡಿದೆ ಅಂತ ಅರ್ಥವಾಗಿತ್ತು, ಆದರೆ ಅಷ್ಟು ವ್ಯಾಪಾರವಾಗುವಾಗ ಅದನ್ನು ಎತ್ತುವಷ್ಟು ದಡ್ಡರಲ್ಲ ಅವರು.

ಆ ಬಸ್ಸಿನೊಳಗೆ ನಮ್ಮ ಮಾವ ಕೂತಿದ್ದರು. ಆಂಧ್ರದ ಕಡೆ ಒಂದು ಗಂಡು ನೋಡೋಕೆ, ರಾಹುಕಾಲಕ್ಕೆ ಮುಂಚೆ ತಲುಪಬೇಕು ಅಂತ ಮಗಳಿಗೂ ಹೇಳದೆ ಹೊರಟಿದ್ದರು. ಆ ದುಬ್ ದುಬ್ ಕೇಳಿದ ತಕ್ಷಣ ಅವರಿಗೆ ಗುರುತು ಹತ್ತಿತು. ಇಳಿದು ಬಂದು ಡ್ರೈವರನ ಮುಂದೆ ನಿಂತು, ಹೊರಡೋದು ಯಾವಾಗ ಅಂತ ಕೇಳಿದರು.

"ಇರಿ ಸ್ವಾಮಿ, ಹಾಡು ಮುಗೀಲಿ" ಅಂದ ಡ್ರೈವರು.

"ಅದು ಮುಗಿಯೋ ಪ್ಲೇಟಲ್ಲಪ್ಪಾ" ಅಂತ ಮಾವ ಹಣೆ ಚಚ್ಚಿಕೊಂಡರು. ಯಾರೂ ನಂಬಲಿಲ್ಲ. ದೋಸೆ ಹಿಟ್ಟು ಖಾಲಿಯಾದ ಮೇಲೆಯೇ ಮುಳ್ಳು ಮೇಲೆದ್ದದ್ದು. ಮಾವ ಆ ಊರು ಸೇರುವಾಗ ಸರಿಯಾಗಿ ರಾಹುಕಾಲ. ಮೊದಲ ಸಲವೇ ರಾಹುಕಾಲದಲ್ಲಿ ಕಾಲಿಟ್ಟವರ ಮನೆಯ ಹೆಣ್ಣು ಬೇಡ ಅಂತ ಆ ಗಂಡಿನವರು ನೀರೂ ಕೊಡದೆ ಕಳಿಸಿದರು. ವಿಷಯ ತಿಳಿದಾಗ ನಾನು ತುಂಬಾ ದುಃಖ ವ್ಯಕ್ತಪಡಿಸಿದೆ. ಆಮೇಲೆ ಅಂಗಡಿ ಬಾಗಿಲು ಹಾಕಿಕೊಂಡು ಕುಣಿದೆ.

೫. ಹಪ್ಪಳ

ವಾಪಸು ಬರುವಾಗ ಮಾವ ಹೋಟೆಲಿನಿಂದ ಪ್ಲೇಟು ಕಸಿದುಕೊಂಡು ನೇರ ನಮ್ಮ ಮನೆಗೇ ಬಂದರು. ನಮ್ಮಮ್ಮ ತಮ್ಮನನ್ನು ಕೂರಿಸಿ, ಮುದ್ದೆ ಬಸ್ಸಾರು ಬಡಿಸಿ, ಅವರ ಬಾಯಿ ತುಂಬಿರುವ ಹೊತ್ತು ನೋಡಿ ಹೆಣ್ಣು ಕೇಳಿದರು. ಮನೆಯಲ್ಲಿ ಮಗಳೂ ಹಟ ಹಿಡಿದಿದ್ದಳು. ಭಾವನನ್ನು ಬಿಟ್ಟು ಬೇರೆ ಯಾರ ಮುಂದೆಯೂ ಕಾಫಿ ತಟ್ಟೆ ಹಿಡಿಯಲ್ಲ ಅಂದಿದ್ದಳಂತೆ. ಇದು ಗೊತ್ತಾದಾಗ ನನಗೆ ಕಣ್ಣಲ್ಲಿ ನೀರು ಬಂತು, ಅದರಲ್ಲಿ ತಮಾಷೆ ಏನೂ ಇಲ್ಲ.

ಮಾವ ಒಪ್ಪಿದರು, ಆದರೆ ಷರತ್ತಿನ ಮೇಲೆ. ಪ್ಲೇಟು ಅವರ ಟ್ರಂಕಿನಲ್ಲಿ ಬೀಗದೊಳಗೆ ಇರುತ್ತೆ. ಮದುವೆ ಮುಗಿದ ಮೇಲೆ ಅವರೇ ಅದನ್ನು ಬಾವಿಗೆ ಹಾಕುತ್ತಾರೆ. ಮದುವೆಯಲ್ಲಿ ಆ ಸದ್ದು ಬಂದರೆ ಅಲ್ಲಿಂದಲೇ ಮಗಳನ್ನು ಎಬ್ಬಿಸಿಕೊಂಡು ಹೋಗುತ್ತಾರೆ. ನಾನು ತಲೆಯಾಡಿಸಿದೆ. ಹುಳು ಗೂಡು ಕಟ್ಟಿ, ಗೂಡು ಮಾರಿ, ಮನೆ ಖಾಲಿಯಾಗುವ ದಿನ ನೋಡಿಕೊಂಡು ಪುರೋಹಿತರು ಮುಹೂರ್ತ ಇಟ್ಟರು. ನಮ್ಮ ಕಡೆ ಪಂಚಾಂಗಕ್ಕಿಂತ ಮೊದಲು ಹುಳುವನ್ನೇ ಕೇಳಬೇಕು.

ನನ್ನ ಮದುವೆಗೆ ಬೇರೆಯವರ ಮೈಕ್ ಸೆಟ್ ಬಂದರೆ ಮಾನ ಉಳಿಯುತ್ತದೆಯೇ? ಹಿಂದಿನ ದಿನವೇ ಸೆಟ್ಟು, ಪ್ಲೇಟಿನ ಪೆಟ್ಟಿಗೆ ಎಲ್ಲವನ್ನೂ ಹುತ್ತೂರಿಗೆ ಸಾಗಿಸಿದೆ. ಮಾವನಿಗೆ ಅನುಮಾನ. ಈ ಖದೀಮ ಅಂಥದ್ದೇ ಇನ್ನೊಂದು ಪ್ಲೇಟು ಸೇರಿಸಿರಬಹುದು ಅಂತ, ಬೆಳ್ಳಿ ಕಾಗದ ಹುಡುಕುತ್ತಾ, ಇದ್ದಬದ್ದ ಪ್ಲೇಟನ್ನೆಲ್ಲ ಅಂಗಳದಲ್ಲಿ ಚಾಪೆ ಹಾಸಿ ಒಂದೊಂದಾಗಿ ಹರಡಿದರು. ಅಷ್ಟರಲ್ಲಿ ಚಪ್ಪರದವರು ಕರೆದರು, ಎದ್ದು ಹೋದರು, ಮರೆತರು. ಬಿಸಿಲು ಮರೆಯಲಿಲ್ಲ. ಗಣಪತಿ, ಶಾರದೆ, ನಾದಸ್ವರ, ಎಲ್ಲಾ ಪ್ಲೇಟೂ ಅಂಚು ಮೇಲೆದ್ದು ಸೊಟ್ಟಗಾದವು. ಬೀದಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ನೋಡಿ, ಹಪ್ಪಳ ಸ್ವಲ್ಪ ಕಪ್ಪಾಗಿದೆ, ಉದ್ದು ಹಳೇದಿರಬೇಕು ಅಂದು ಹೋದರು.

೬. ಗಟ್ಟಿಮೇಳ

ಮಾವ ಜಗ್ಗಲಿಲ್ಲ. ವಾದ್ಯದವರು ಬರ್ತಾರಲ್ಲ, ಪ್ಲೇಟು ಯಾಕೆ ಬೇಕು ಅಂದರು. ನಾದಸ್ವರ, ಡೋಲಿನವರು ಮುಳಬಾಗಿಲಿನ ಆಚೆಯಿಂದ ಬೆಳಿಗ್ಗೆ ಬಸ್ಸಿಗೆ ಬರಬೇಕಿತ್ತು. ಬರಲಿಲ್ಲ. ಧಾರೆಯಾಯಿತು, ಬರಲಿಲ್ಲ. ಆಮೇಲೆ ತಿಳಿದದ್ದು, ಅವರು ಹತ್ತಿದ್ದು ಆಂಧ್ರದಿಂದ ವಾಪಸು ಬರುತ್ತಿದ್ದ ಅದೇ ಡ್ರೈವರನ ಬಸ್ಸು. ಅವತ್ತು ಮುಳಬಾಗಿಲಿನಲ್ಲಿ ಕರೆಂಟಿಲ್ಲ. ಹೋಟೆಲಿನಲ್ಲಿ ಹಾಡು ಶುರುವಾಗಲಿಲ್ಲ, ಶುರುವಾಗದ್ದು ಮುಗಿಯುವುದಾದರೂ ಹೇಗೆ, ಡ್ರೈವರು ಏಳಲಿಲ್ಲ.

ಇಲ್ಲಿ ಮುಹೂರ್ತ ಜಾರುತ್ತಿತ್ತು. ತಾಳಿ ನನ್ನ ಕೈಯಲ್ಲಿ, ಅವಳು ನನ್ನ ಮುಂದೆ. ಗಟ್ಟಿಮೇಳವಿಲ್ಲದೆ ತಾಳಿ ಕಟ್ಟುವಂತಿಲ್ಲ. ಆ ಹೊತ್ತಿಗೆ ಅಪಶಬ್ದವೊಂದೂ ಕಿವಿಗೆ ಬೀಳಬಾರದು ಅಂತಲೇ ಅಲ್ಲವೇ ಮೇಳವನ್ನು ಅಷ್ಟು ಜೋರಾಗಿ ಬಾರಿಸುವುದು? ಅದರಲ್ಲೂ ಸೀನು ಬಂದರೆ ಕಥೆ ಮುಗಿಯಿತು. ಅಂಥದ್ದರಲ್ಲಿ ಮೊದಲ ಸಾಲಿನಲ್ಲೇ ಮಾವನ ದೊಡ್ಡಪ್ಪ ಕೂತಿದ್ದರು. ಅವರಿಗೆ ನಸ್ಯದ ಚಟ. ಬೇಜಾರಾದಾಗ ಡಬ್ಬಿ ತೆಗೆಯೋರು, ಈಗ ಬೇಜಾರಾಗಿತ್ತು.

ಯಾರೋ ತಟ್ಟೆ ಬಡಿಯೋಣ ಅಂದರು. ನನ್ನ ಮಗಳ ಮದುವೆಗೆ ತಟ್ಟೆ ಬಡೀಬೇಕಾ ಅಂತ ಮಾವ ಕಿಡಿಕಿಡಿಯಾದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಕಂಕಣ ಕಟ್ಟಿಕೊಂಡ ಗಂಡು ಏಳುವಂತಿಲ್ಲ, ಬಾಯಿ ಬಿಡೋಕೆ ಧೈರ್ಯವಿಲ್ಲ. ಅವಳು ಕಡೆಗೆ ನನ್ನ ಕಡೆ ನೋಡಿದಳು. ನಾನು ಬಹಳ ಮೆಲ್ಲಗೆ, "ಮಾವ, ಟ್ರಂಕು" ಅಂದೆ.

ಮಾವ ನನ್ನನ್ನು ನೋಡಿದರು, ದೊಡ್ಡಪ್ಪನ ಕೈಯ ಡಬ್ಬಿ ನೋಡಿದರು. ಡಬ್ಬಿಯ ಮುಚ್ಚಳ ತೆರೆಯಿತು. ಮಾವ ಪಂಚೆ ಎತ್ತಿ ಕಟ್ಟಿ ಒಳಗೆ ಓಡಿದರು. ಬಾವಿಗೆ ಹಾಕುತ್ತೀನಿ ಅಂದಿದ್ದ ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಮಂಟಪದ ಕಂಬಕ್ಕೆ ಒರಗಿಸಿ ಸ್ಟೂಲಿನ ಮೇಲಿಟ್ಟಿದ್ದ ಪೆಟ್ಟಿಗೆಗೆ ಹಾಕಿದರು. ನಾನು ಕೂತಲ್ಲಿಂದಲೇ ಸನ್ನೆಯಲ್ಲಿ ಹೇಳಿಕೊಟ್ಟೆ. ಮುಳ್ಳು ಇಳಿಸಿದರು.

ದುಬ್ ದುಬ್ ದುಬ್ ದುಬ್. ಚಪ್ಪರದ ಮಾವಿನ ಸೊಪ್ಪು ನಡುಗಿತು. ಪುರೋಹಿತರು ಮೊದಲೇ ನನಗೆ ಹೇಳಿದ್ದರು, ಗಟ್ಟಿಮೇಳ ನಿಲ್ಲೋವರೆಗೂ ಗಂಟಿನಿಂದ ಕೈ ತೆಗೀಬೇಡಪ್ಪಾ ಅಂತ. ಮೂರು ಗಂಟು ಹಾಕಿದೆ. ಅಕ್ಷತೆ ಬಿತ್ತು. ಮುಳ್ಳು ಗೀರಿನಲ್ಲಿ ಕೂತಿತು.

ಆಮೇಲೆ ನಡೆದದ್ದು ನಾನು ಹೇಳುವುದಕ್ಕಿಂತ ನೀವು ನೋಡಬೇಕಿತ್ತು. ಮೇಳ ನಿಲ್ಲೋವರೆಗೂ ಅಕ್ಷತೆ ಹಾಕಬೇಕು ತಾನೇ, ಜನ ಹಾಕಿದರು. ದುಬ್ ಅಂದಾಗೊಮ್ಮೆ ಒಂದು ಹಿಡಿ. ತಟ್ಟೆ ಖಾಲಿಯಾದವು. ನೆಲಕ್ಕೆ ಬಿದ್ದದ್ದನ್ನು ಬಾಚಿ ಮತ್ತೆ ಹಾಕಿದರು. ಮುಗಿಯಿತಪ್ಪಾ ಸಾಕು ಅಂತ ಪುರೋಹಿತರು ಕೈಯೆತ್ತಿ ಸನ್ನೆ ಮಾಡಿದರೆ, ಇನ್ನೂ ಜೋರು ಬೇಕಂತೆ ಅಂತ ಮಾವ ತಿರುಪು ತಿರುಗಿಸಿದರು. ಕರೆಂಟು ಹೋದರೂ ನಿಲ್ಲುವಂತಿಲ್ಲ, ಬ್ಯಾಟರಿಯನ್ನು ಹಿಂದಿನ ದಿನ ನಾನೇ ತುಂಬ ಚಾರ್ಜ್ ಮಾಡಿಸಿದ್ದೆ. ನಾನೋ, ಬಗ್ಗಿ, ಅವಳ ಕುತ್ತಿಗೆ ಹಿಂದೆ ಗಂಟು ಹಿಡಿದುಕೊಂಡು ನಿಂತಿದ್ದೇನೆ. ಸೊಂಟ ಬಿದ್ದು ಹೋಗುತ್ತಿತ್ತು.

ಅವಳು ನನ್ನ ಕಿವಿಯ ಹತ್ತಿರ ಕೇಳಿದಳು, "ಗೀರಲ್ವಾ ಭಾವ?"

ಹೂಂ ಅಂದೆ. ಅವಳು ಸುಮ್ಮನೆ ಎದ್ದಳು. ಗಂಟು ಬಿಡುವಂತಿಲ್ಲವಲ್ಲ, ನಾನೂ ಹಿಂದೆಯೇ ಬಗ್ಗಿಕೊಂಡು ಹೆಜ್ಜೆ ಹಾಕಿದೆ. ತಾಳಿ ಸಮೇತ ಗಂಡನನ್ನು ಎಳೆದುಕೊಂಡು ಹೋಗಿ, ಮದುಮಗಳು ತನ್ನ ಗಟ್ಟಿಮೇಳದ ಮುಳ್ಳನ್ನು ತಾನೇ ಎತ್ತಿದಳು.

ಚಪ್ಪರ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಮೊದಲ ಸಾಲಿನಿಂದ ಉಸಿರೆಳೆದ ಸದ್ದು. ದೊಡ್ಡಪ್ಪ ಕಣ್ಣು ಮುಚ್ಚಿ, ಬಾಯಿ ತೆರೆದು, ಮೂಗು ಮೇಲೆತ್ತಿದ್ದಾರೆ. ನನ್ನ ಕೈ ಇನ್ನೂ ಗಂಟಿನ ಮೇಲೇ ಇದೆ. ನಮ್ಮ ಮಾವ ಆ ವಯಸ್ಸಿನಲ್ಲಿ ಹಾಗೆ ಹಾರಿದ್ದನ್ನು ನಾನು ಮುಂದೆಂದೂ ಕಾಣಲಿಲ್ಲ. ಮಗಳ ಕೈಯಿಂದ ಮುಳ್ಳು ಕಿತ್ತುಕೊಂಡು ಸೀದಾ ಗೀರಿನ ಮೇಲೆಯೇ ಕೂರಿಸಿದರು. ದುಬ್ ದುಬ್ ದುಬ್ ದುಬ್. ದೊಡ್ಡಪ್ಪ ಸೀನಿದ್ದನ್ನು ಎಲ್ಲರೂ ಕಂಡರು, ಒಬ್ಬರೂ ಕೇಳಲಿಲ್ಲ. ಮಾವ ಕಂಬ ಹಿಡಿದು ನಿಂತು ಬೆವರು ಒರೆಸಿಕೊಂಡರು. ಅವರ ಒಂದು ಕಾಲು ತಾಳ ಹಾಕುತ್ತಿತ್ತು.

ಅದೇ ಹೊತ್ತಿಗೆ ವಾದ್ಯ ಹೊತ್ತುಕೊಂಡು ನಾದಸ್ವರದವರು ಓಡೋಡಿ ಬಂದರು. ಅವರಲ್ಲಿ ಹಿರಿಯರು ಚಪ್ಪರದ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು. ಒಳಗೆ ಯಾರೋ ಡೋಲಿನವನು ಒಂದು ಸಲವೂ ಕೈ ಬಿಡದೆ, ತಾಳ ತಪ್ಪದೆ ಬಾರಿಸುತ್ತಿದ್ದಾನೆ ಅಂದುಕೊಂಡು ಅವರಿಗೆ ಗೌರವವೇ ಹುಟ್ಟಿತು. ಮಾವನ ಹತ್ತಿರ ಬಂದು, ಇದು ಯಾರ ಮೇಳ ಸ್ವಾಮಿ ಅಂತ ಕೇಳಿದರು.

ಮಾವ ರುಮಾಲು ಸರಿಮಾಡಿಕೊಂಡರು. "ನಮ್ಮ ಅಳಿಯಂದಿರದು" ಅಂದರು.

ನನ್ನ ಜೀವಮಾನದಲ್ಲಿ ಅಷ್ಟು ಇಂಪಾದ ಮಾತು ನಾನು ಕೇಳಿಲ್ಲ. ಗಂಟಿನಿಂದ ಕೈ ತಾನಾಗಿ ಜಾರಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ವಾದ್ಯದ ಹಿರಿಯರು ಮರ್ಯಾದಸ್ಥರು. ಇಂಥ ಮೇಳವನ್ನು ನಡುವೆ ನಿಲ್ಲಿಸುವುದು ತಪ್ಪು ಅಂತ ತಮ್ಮವರಿಗೆಲ್ಲ ಕೈಸನ್ನೆ ಮಾಡಿ ಕೂರಿಸಿದರು. ಡೋಲು ತೊಡೆಯ ಮೇಲಿಟ್ಟುಕೊಂಡು ನಮ್ಮ ಕಡೆ ತಿರುಗಿ, "ಅವರದು ಮುಗೀಲಿ ಸ್ವಾಮಿ, ಆಮೇಲೆ ನಾವು ಶುರು ಮಾಡ್ತೀವಿ" ಅಂದರು.

ಆಗಲಿ ಅಂತ ಹೇಳಿ ನಾವೆಲ್ಲ ಊಟಕ್ಕೆ ಎದ್ದೆವು.